ಯಾವ ಸೈ-ಫೈ ಸಿನಿಮಾದೊಳಗೆ ಒಳ್ಳೆಯ ಆನ್‌ಲೈನ್ ಮಲ್ಟಿಪ್ಲೇಯರ್ ಆಟ ಇದೆ? 8–10 ಜನ, ಗೊಡೋ 4

ಹಳದಿಗುಂಡಿ:

ನಾಲ್ಕು ಜನರ ತಂಡ. ಇಬ್ಬರು ಪ್ರೋಗ್ರಾಮಿಂಗ್, ಒಬ್ಬರು 3ಡಿ, ಒಬ್ಬರು ಸೌಂಡ್. ಗೊಡೋ 4 ಎಂಬ ಎಂಜಿನ್‌ನಲ್ಲಿ (ಆಟ ಕಟ್ಟುವ ತಂತ್ರಾಂಶ) ಒಂದು ಆನ್‌ಲೈನ್ ಆಟದ ಮಾದರಿ ಕಟ್ಟಬೇಕು. ಆಡುವವರು 8ರಿಂದ 10 ಜನ. ಅರ್ಧ ಜನ ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರು, ಉಳಿದವರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಕನ್ನಡದವರೇ. ಪೂರ್ತಿ ಹೊಸ ಲೋಕ ಕಟ್ಟುವಷ್ಟು ಕೈಗಳಿಲ್ಲ. ಹಾಗಾಗಿ ಒಂದು ಸೈ-ಫೈ ಸಿನಿಮಾದ ಮೂಲ ಕಲ್ಪನೆ ಹಿಡಿದು, ಹೆಸರು, ಪಾತ್ರ, ವಿನ್ಯಾಸ ಯಾವುದನ್ನೂ ಮುಟ್ಟದೆ, ಅದರ ಸುತ್ತ ಆಟ ಹೆಣೆಯುವ ಯೋಚನೆ.

ಸದ್ಯ ಪಟ್ಟಿಯಲ್ಲಿರುವುದು: ಮ್ಯಾಟ್ರಿಕ್ಸ್ (ಸಮಯ ನಿಧಾನವಾಗುವುದು), ಎಡ್ಜ್ ಆಫ್ ಟುಮಾರೊ (ಸತ್ತರೆ ಮತ್ತೆ ಅದೇ ದಿನ), ದ ಥಿಂಗ್ (ನಮ್ಮೊಳಗೇ ಒಬ್ಬ ಬೇರೆ), ಟ್ರಾನ್ (ಬೆಳಕಿನ ಬೈಕು), ಕ್ಯೂಬ್ (ಕೋಣೆಗಳ ಬಲೆ), ಕಲ್ಕಿ 2898 ಎಡಿ.

ಇವುಗಳಲ್ಲಿ ಯಾವುದರ ನಿಯಮ 8 ಜನ ಒಟ್ಟಿಗೆ ಕೂತಾಗಲೂ ನಿಲ್ಲುತ್ತದೆ? 250 ಮಿಲಿಸೆಕೆಂಡ್ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ) ಇದ್ದರೂ ನಡೆಯುವುದು ಯಾವುದು? ಎಲ್ಲಿ ಮುರಿಯುತ್ತದೆ, ಯಾಕೆ ಮುರಿಯುತ್ತದೆ ಅನ್ನುವುದನ್ನು ಬಿಡಿಸಿ ಹೇಳಿದರೆ ತುಂಬಾ ಉಪಕಾರ.

---

ಟಿಕ್_60:

ಮೊದಲು ಪಟ್ಟಿಯನ್ನು ಒಂದೇ ಪ್ರಶ್ನೆಯಿಂದ ಜರಡಿ ಹಿಡಿಯಿರಿ: ಈ ಸಿನಿಮಾದ ವಿಶೇಷ ಶಕ್ತಿಯನ್ನು ಹೀರೋ ಬಳಸುವಾಗ, ಎರಡನೇ ಆಟಗಾರ ಏನು ಮಾಡುತ್ತಿರುತ್ತಾನೆ? ಉತ್ತರ "ನೋಡುತ್ತಿರುತ್ತಾನೆ" ಅಂತಾದರೆ ಅದು ಒಬ್ಬರ ಆಟ. ಲೋಕ ಎಷ್ಟೇ ಚೆನ್ನಾಗಿರಲಿ, ಆನ್‌ಲೈನ್‌ನಲ್ಲಿ ಏಳುವುದಿಲ್ಲ.

ಮ್ಯಾಟ್ರಿಕ್ಸ್‌ನ ನಿಧಾನ ಸಮಯ ಸೋಲುವುದು ಇಲ್ಲೇ. ಸರ್ವರ್‌ನಲ್ಲಿ ಇರುವುದು ಒಂದೇ ಗಡಿಯಾರ. ಒಬ್ಬನಿಗೆ ಸಮಯ ನಿಧಾನವಾದರೆ ಉಳಿದವರಿಗೂ ಆಗಬೇಕು. ಲೆಕ್ಕ ಹಾಕಿ: 8 ಜನ, ಪ್ರತಿಯೊಬ್ಬರಿಗೂ ನಿಮಿಷಕ್ಕೆ 5 ಸೆಕೆಂಡ್ ಶಕ್ತಿ. ಒಟ್ಟು 40 ಸೆಕೆಂಡ್. ಅಂದರೆ ನಿಮಿಷದ ಮೂರನೇ ಎರಡು ಭಾಗ ಎಲ್ಲರೂ ಬೇರೆ ಯಾರದೋ ಶಕ್ತಿಯೊಳಗೆ ತೇಲುತ್ತಿರುತ್ತಾರೆ. ಇದಕ್ಕೆ ಪ್ರಕಟವಾದ ಆಟಗಳು ಎರಡು ದಾರಿ ಹಿಡಿದಿವೆ. 2005ರ ಫಿಯರ್ ಆಟದ ಒಂದು ಮಲ್ಟಿಪ್ಲೇಯರ್ ವಿಧಾನದಲ್ಲಿ ಆ ಶಕ್ತಿ ಇಡೀ ಮ್ಯಾಪಿಗೆ ಒಂದೇ, ಅದು ಯಾರ ಕೈಯಲ್ಲಿದೆಯೋ ಅವರು ಉಳಿದವರಿಗಿಂತ ಚುರುಕು. 2012ರ ಮ್ಯಾಕ್ಸ್ ಪೇನ್ 3 ಇನ್ನೊಂದು ದಾರಿ ಹಿಡಿಯಿತು, ಶಕ್ತಿ ಬಳಸಿದವನ ದೃಷ್ಟಿಗೆ ಬಿದ್ದವರಿಗೆ ಮಾತ್ರ ಸಮಯ ನಿಧಾನ. ಎರಡನೆಯದು ಕೇಳಲು ಸೊಗಸು, ಬರೆಯಲು ಹೊರಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಿಧಾನ ವಲಯದಿಂದ ಹೊರಟ ಗುಂಡು ಮಾಮೂಲಿ ವಲಯಕ್ಕೆ ಬಂದಾಗ ಯಾವ ವೇಗ? ಗೋಡೆಯ ಅಂಚಿನಲ್ಲಿ ಒಬ್ಬ ಕಾಣುತ್ತಾ ಮರೆಯಾಗುತ್ತಾ ಇದ್ದರೆ ಅವನ ಗಡಿಯಾರ ಪ್ರತಿ ಟಿಕ್‌ಗೂ (ಸರ್ವರ್ ಆಟದ ಲೆಕ್ಕ ಮಾಡುವ ಒಂದೊಂದು ಹೆಜ್ಜೆಗೂ) ಬದಲಾಗಬೇಕೇ? ನಿಮ್ಮ 250 ಮಿ.ಸೆ. ಪಿಂಗ್‌ನಲ್ಲಿ ಇದನ್ನು ಮುಟ್ಟಲೇಬೇಡಿ.

2005ರಲ್ಲೇ ಬಂದ ದ ಮ್ಯಾಟ್ರಿಕ್ಸ್ ಆನ್‌ಲೈನ್ ಈ ಜಗಳಕ್ಕೇ ಹೋಗಲಿಲ್ಲ. ಕೈಕೈ ಮಿಲಾಯಿಸುವ ಕಾದಾಟವನ್ನು ಸುತ್ತುಗಳಾಗಿ ಕಟ್ಟಿ, ಇಬ್ಬರನ್ನು ಒಟ್ಟಿಗೆ ಬಂಧಿಸಿ, ಪ್ರತಿ ಸುತ್ತಿನ ಫಲಿತಾಂಶವನ್ನು ನಿರ್ಧರಿಸಿ, ಆಮೇಲೆ ಆ್ಯನಿಮೇಷನ್ ತೋರಿಸುತ್ತಿತ್ತು. 2009ರ ಜುಲೈ 31ಕ್ಕೆ ಅದರ ಸರ್ವರ್ ನಿಂತಿತು.

ಆದರೆ ಆ ಸಿನಿಮಾವನ್ನು ಪಟ್ಟಿಯಿಂದ ತೆಗೆಯಬೇಡಿ. ಅದರಲ್ಲಿ ಗುಂಡಿಗಿಂತ ಒಳ್ಳೆಯ ನಿಯಮ ಒಂದಿದೆ: ಏಜೆಂಟ್ ದಾರಿಹೋಕ ಯಾರ ಮೈಗಾದರೂ ಸೇರಿಕೊಳ್ಳಬಹುದು, ಓಡುವವರು ಫೋನ್ ತಲುಪಿದರೆ ಮಾತ್ರ ಪಾರು. ಬೀದಿಯಲ್ಲಿ 60–80 ಕಂಪ್ಯೂಟರ್ ಪಾತ್ರಗಳು, ಇಬ್ಬರು ಏಜೆಂಟರು, ಐವರು ಓಟಗಾರರು, ಒಬ್ಬ ಹೊರಗೆ ಕೂತು ನಕಾಶೆ ನೋಡಿ ದಾರಿ ಹೇಳುವವನು. ಎಂಟೂ ಜನಕ್ಕೆ ಪ್ರತಿ ಸೆಕೆಂಡೂ ಕೆಲಸ ಇದೆ. ಮೈ ಬದಲಾಯಿಸುವುದಕ್ಕೆ 1.5 ಸೆಕೆಂಡ್ ಆ್ಯನಿಮೇಷನ್ ಇಟ್ಟರೆ ಪಿಂಗ್ ಪೂರ್ತಿ ಅದರೊಳಗೇ ಮುಚ್ಚಿಹೋಗುತ್ತದೆ. ತೊಂದರೆ ಬರುವುದು ಕಂಪ್ಯೂಟರ್ ಪಾತ್ರಗಳ ನಡಿಗೆಯಲ್ಲಿ. ಅವು ಮನುಷ್ಯರ ಹಾಗೆ ತಡವರಿಸದೆ ನೇರ ಗೆರೆಯಲ್ಲಿ ನಡೆದರೆ, ಏಜೆಂಟ್ ಹೊಕ್ಕ ಮೈ ಯಾವುದು ಅಂತ ಎರಡನೇ ಆಟಕ್ಕೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಆಟಗಾರರಿಗೂ ಕಂಪ್ಯೂಟರ್ ಪಾತ್ರಗಳಿಗೂ ಒಂದೇ ಚಲನೆಯ ಕೋಡ್, ಒಂದೇ ತಿರುಗುವ ವೇಗ ಇಡಬೇಕು.

---

ಕಡಲಕರೆ:

ನಿಮ್ಮ ತಂಡದ ಅಳತೆಗೆ, ನಿಮ್ಮ ಪಿಂಗ್‌ಗೆ ಸರಿಹೊಂದುವುದು ದ ಥಿಂಗ್ ಒಂದೇ ಮಾರಾಯ್ರೇ. 1982ರ ಜಾನ್ ಕಾರ್ಪೆಂಟರ್ ಸಿನಿಮಾ. ಅಂಟಾರ್ಕ್ಟಿಕಾದ ಒಂದು ನೆಲೆ, 12 ಜನ, ಹೊರಗೆ ಹೋದರೆ ಚಳಿಗೆ ಸಾವು, ಒಳಗೆ ಯಾರ ರೂಪ ಬೇಕಾದರೂ ತಾಳುವ ಜೀವಿ. ಮ್ಯಾಪ್ ಸಣ್ಣದು, ಬಾಗಿಲು ಮುಚ್ಚಿದ್ದು, ಬಣ್ಣ ಎರಡೋ ಮೂರೋ. 3ಡಿ ಮಾಡುವವರು ಒಬ್ಬರೇ ಇದ್ದರೂ ಸಾಕು.

"ಅಮಾಂಗ್ ಅಸ್ ಆಗಲೇ ಬಂದಾಗಿದೆಯಲ್ಲ" ಅಂತ ಯಾರಾದರೂ ಹೇಳುತ್ತಾರೆ. ಹೌದು, 2018ರಲ್ಲಿ ಬಂತು. ಅದರ ಬೇರು 1986ರಲ್ಲಿ ಮಾಸ್ಕೋದಲ್ಲಿ ಡಿಮಿಟ್ರಿ ಡೇವಿಡಾಫ್ ಕಟ್ಟಿದ ಮಾಫಿಯಾ ಎಂಬ ಮಾತಿನ ಆಟದಲ್ಲಿ ಉಂಟು. ಆದರೆ ಆ ಎರಡರಲ್ಲೂ ಕಳ್ಳ ಕೊನೆಯ ತನಕ ಕಳ್ಳನೇ, ಒಳ್ಳೆಯವ ಒಳ್ಳೆಯವನೇ. ದ ಥಿಂಗ್‌ನಲ್ಲಿ ಹಾಗಲ್ಲ. ಹತ್ತು ನಿಮಿಷದ ಹಿಂದೆ ನಿಮ್ಮ ಕಣ್ಣೆದುರೇ ಪರೀಕ್ಷೆಯಲ್ಲಿ ಪಾಸಾದವ ಈಗ ಅವನಲ್ಲದೆ ಇರಬಹುದು. ಆಟದ ಜೀವ ಇರುವುದೇ ಅಲ್ಲಿ, ಕೆಡುವುದೂ ಅಲ್ಲಿಯೇ.

ಸೋಂಕು ಹರಡುವ ವೇಗ ಮೊದಲು ನೋಡಿ. 10 ಜನರಲ್ಲಿ ಒಬ್ಬ ಮೂಲ ಜೀವಿ, ಸೋಂಕಿತ ಪ್ರತಿಯೊಬ್ಬನೂ 3 ನಿಮಿಷಕ್ಕೆ ಒಬ್ಬನನ್ನು ಹಿಡಿಯಬಹುದು ಅಂತ ಇಟ್ಟರೆ 3ನೇ ನಿಮಿಷಕ್ಕೆ 2, 6ಕ್ಕೆ 4, 9ಕ್ಕೆ 8. ಅಲ್ಲಿಗೆ ಆಟ ಮುಗಿಯಿತು. ಸಿನಿಮಾದಲ್ಲಿ ಈ ದ್ವಿಗುಣವೇ ಭಯ ಹುಟ್ಟಿಸುತ್ತದೆ, ಆಟದಲ್ಲಿ ಅದೇ ಬೇಸರ ಹುಟ್ಟಿಸುತ್ತದೆ. ಆದ್ದರಿಂದ ಕಾಯುವ ಸಮಯವನ್ನು ಆಟಗಾರನಿಗೆ ಕಟ್ಟಬೇಡಿ, ಇಡೀ ಜೀವಿ ಪಕ್ಷಕ್ಕೆ ಒಂದೇ ಗಡಿಯಾರ ಕೊಡಿ: 4 ನಿಮಿಷಕ್ಕೆ ಒಂದು ಸೋಂಕು, ಯಾರು ಬೇಕಾದರೂ ಬಳಸಲಿ. 20 ನಿಮಿಷದ ಆಟದಲ್ಲಿ 16ನೇ ನಿಮಿಷಕ್ಕೆ ಹೆಚ್ಚೆಂದರೆ 5. ನಡುವೆ ಜೀವಿ ಪಕ್ಷದ ಒಬ್ಬಿಬ್ಬರು ಸುಟ್ಟುಹೋದರೆ (ಸಿನಿಮಾದಲ್ಲಿ ಜೀವಿಯನ್ನು ಕೊಲ್ಲುವುದು ಬೆಂಕಿಯಿಂದ) ಕೊನೆಯ ನಾಲ್ಕು ನಿಮಿಷ ಯಾರ ಕಡೆಗೆ ಬೇಕಾದರೂ ವಾಲಬಹುದು.

ಎರಡನೆಯದು, ಸೋಂಕಾದವನಿಗೆ ಆಸಕ್ತಿ ಉಳಿಯಬೇಕು, ಆದರೆ ಸೋಂಕಾಗಲಿ ಅಂತ ಅವನು ಕಾಯಬಾರದು. ಅಂಕ ಹೀಗೆ ಹಂಚಿ ನೋಡಿ. ಕೊನೆಗೆ ಮನುಷ್ಯನಾಗಿಯೇ ಗೆದ್ದರೆ 3, ಮೂಲ ಜೀವಿ ಗೆದ್ದರೆ ಅವನಿಗೂ 3, ಮಧ್ಯದಲ್ಲಿ ಬದಲಾದವನು ಜೀವಿ ಪಕ್ಷದಲ್ಲಿ ಗೆದ್ದರೆ 1, ಉಳಿದದ್ದಕ್ಕೆಲ್ಲ ಸೊನ್ನೆ. ಆಗ ಬದಲಾಗುವುದು ನಷ್ಟವೇ, ಆದರೆ ಬದಲಾದ ಮೇಲೂ ಆಡುವುದಕ್ಕೆ ಕಾರಣ ಉಂಟು. ಎಲ್ಲರಿಗೂ ಒಂದೇ ಅಂಕ ಇಟ್ಟರೆ ಏನಾಗುತ್ತದೆ ಗೊತ್ತಾ? ಜೀವಿ ಪಕ್ಷ ಗೆಲ್ಲುವ ಹಾಗೆ ಕಂಡರೆ ಸೋಂಕಾಗಲಿ ಅಂತ ಜನ ತಾವಾಗಿಯೇ ಹೋಗಿ ಕತ್ತಲೆ ಕೋಣೆಯಲ್ಲಿ ಒಬ್ಬಂಟಿ ನಿಲ್ಲುತ್ತಾರೆ.

ಸೋಂಕು ತಗಲಿಸುವ ಕ್ರಮ: ಒಂದೇ ಕೋಣೆಯಲ್ಲಿ ಇಬ್ಬರೇ, 8 ಸೆಕೆಂಡ್, ಮೂರನೆಯವ ಒಳಗೆ ಬಂದರೆ ರದ್ದು. ತಗಲಿದ ಕೂಡಲೇ ಅವನಿಗೆ ಹೇಳಬೇಡಿ, 40 ಸೆಕೆಂಡ್ ಬಿಟ್ಟು ಹೇಳಿ. ಅಷ್ಟರಲ್ಲಿ ಅವನು ಇನ್ನಿಬ್ಬರನ್ನು ಭೇಟಿಯಾಗಿರುತ್ತಾನೆ, "ನಾನು ಕೊನೆಗೆ ಇವನ ಜೊತೆ ಇದ್ದೆ" ಎನ್ನುವ ನೆನಪು ಸಾಕ್ಷಿಯಾಗಿ ನಿಲ್ಲುವುದಿಲ್ಲ. ಬದಲಾದವನಿಗೆ ತನಗೆ ತಗಲಿಸಿದವ ಯಾರು ಅಂತ ಮಾತ್ರ ಗೊತ್ತಾಗಬೇಕು, ಇಡೀ ಪಕ್ಷದ ಪಟ್ಟಿ ಕೊಡಬಾರದು. ಪಟ್ಟಿ ಕೊಟ್ಟರೆ ಜೀವಿಗಳು ತಮ್ಮ ತಮ್ಮಲ್ಲೇ ಕಣ್ಸನ್ನೆ ಶುರು ಮಾಡುತ್ತವೆ, ಮನುಷ್ಯರಿಗೆ ಉಳಿಗಾಲ ಇರುವುದಿಲ್ಲ.

ಇನ್ನು ರಕ್ತಪರೀಕ್ಷೆ. ಸಿನಿಮಾದಲ್ಲಿ ಮೊದಲ ಪರೀಕ್ಷೆಗೆ ಇಟ್ಟಿದ್ದ ರಕ್ತವನ್ನು ಯಾರೋ ಹಾಳುಗೆಡಹುತ್ತಾರೆ, ಆಮೇಲೆ ಕಾದ ತಂತಿ: ಅದನ್ನು ತಾಗಿಸಿದರೆ ಜೀವಿಯ ರಕ್ತ ಸಿಡಿದೇಳುತ್ತದೆ. ಆಟದಲ್ಲಿ ಈ ಎರಡನ್ನೂ ಒಂದೇ ವಸ್ತುವಾಗಿ ಮಾಡಿ: ಬಾಟಲಿ. ರಕ್ತ ತೆಗೆಯಲು 4 ಸೆಕೆಂಡ್, ಬಾಟಲಿಯ ಮೇಲೆ ಹೆಸರು, ಬಾಟಲಿಯನ್ನು ಯಾರು ಬೇಕಾದರೂ ಎತ್ತಬಹುದು, ಒಡೆಯಬಹುದು, ಚೀಟಿ ಬದಲಿಸಬಹುದು. ಕಾಯಿಸುವ ಇಂಧನ ಇಡೀ ಆಟಕ್ಕೆ 3 ಪರೀಕ್ಷೆಗೆ ಆಗುವಷ್ಟು ಮಾತ್ರ. ಮುಖ್ಯ ಸೂಕ್ಷ್ಮ ಇಲ್ಲಿದೆ: ಬಾಟಲಿ ತೋರಿಸಬೇಕಾದದ್ದು ರಕ್ತ ತೆಗೆದ ಹೊತ್ತಿನ ಸ್ಥಿತಿಯನ್ನು, ಕಾಯಿಸಿದ ಹೊತ್ತಿನದ್ದಲ್ಲ. 5ನೇ ನಿಮಿಷಕ್ಕೆ ತೆಗೆದು 9ನೇ ನಿಮಿಷಕ್ಕೆ ಕಾಯಿಸಿದರೆ "ಇವನು ಶುದ್ಧ" ಎಂಬ ಫಲಿತಾಂಶ ನಾಲ್ಕು ನಿಮಿಷ ಹಳೆಯದು. ಆ ನಾಲ್ಕು ನಿಮಿಷ ಅವನು ಎಲ್ಲಿದ್ದ ಅನ್ನುವುದೇ ಜಗಳ. ಸರ್ವರ್‌ನಲ್ಲಿ ಬಾಟಲಿಯ ಜೊತೆ ಮೂರು ಸಂಗತಿ ಬರೆದಿಡಿ: ಯಾರದು, ಯಾವ ಟಿಕ್‌ನಲ್ಲಿ ತೆಗೆದದ್ದು, ಆಗಿನ ಸ್ಥಿತಿ. ಕಾಯಿಸುವಾಗ ಆಟಗಾರನ ಈಗಿನ ಸ್ಥಿತಿಯನ್ನು ಓದಿದಿರೋ, ಇಡೀ ಆಟ ಬರೀ "ಪತ್ತೆ ಬಟನ್" ಆಗಿಹೋಗುತ್ತದೆ.

ಈ ಸಿನಿಮಾದ ಮೇಲೆ 2002ರಲ್ಲಿ ಬಂದ ಕಂಪ್ಯೂಟರ್ ಆಟದಲ್ಲೂ ನಂಬಿಕೆ, ಭಯ ಎರಡನ್ನೂ ಅಳೆಯುವ ವ್ಯವಸ್ಥೆ ಇತ್ತು. ಆದರೆ ಅದು ಒಬ್ಬರ ಆಟ, ನಂಬುವವರು ಕಂಪ್ಯೂಟರ್ ಪಾತ್ರಗಳು. ಅದೇ ಕೆಲಸ ಹತ್ತು ಜನ ನಿಜವಾದ ಮನುಷ್ಯರ ನಡುವೆ ಆದರೆ ಅಳತೆಯ ಕೋಡೇ ಬೇಡ, ಅವರೇ ಅಳೆದುಕೊಳ್ಳುತ್ತಾರೆ.

---

ಜೋಳದಹೊಲ:

ಟ್ರಾನ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನ್ರಿ. ಇದನ್ನ ಮಂದಿ ಭಾಳ ಹಗುರ ತಿಳ್ಕೊಂಡಾರ. ಗೆರಿ ಎಳಕೋತ ಹೋಗೂದು, ಇನ್ನೊಬ್ಬರ ಗೆರಿಗೆ ಬಡದ್ರ ಸಾಯೂದು, ಅಷ್ಟ ಅಲ್ಲೇನು ಅಂತಾರ. ಈ ಆಟ ಸಿನಿಮಾಕ್ಕಿಂತ ಹಳೇದೈತಿ. 1976ರ ಬ್ಲಾಕೇಡ್ ಅನ್ನೂ ಆರ್ಕೇಡ್ ಆಟದಾಗ ಇದ ನಿಯಮ ಇತ್ತು, ಸಿನಿಮಾ ಬಂದದ್ದು 1982ಕ್ಕ.

ಡೇಟಾ ಭಾಳ ಕಮ್ಮಿ ಬೇಕು. ಬೈಕು ಎಲ್ಲೈತಿ ಅಂತ ಪ್ರತಿ ಟಿಕ್‌ಗೂ ಕಳಸೂದು ಬ್ಯಾಡ, ತಿರುಗಿದಾಗ ಅಷ್ಟ ಕಳಸ್ರಿ. ಆಟಗಾರ 1 ಬೈಟ್, ದಿಕ್ಕು 1, ಟಿಕ್ ಸಂಖ್ಯೆ 4, ಚೌಕದ ಅಡ್ಡ-ಉದ್ದ ತಲಾ 2. ಒಟ್ಟು 10 ಬೈಟ್. ಉಳಿದದ್ದು ಎಲ್ಲಾರ ಕಂಪ್ಯೂಟರ್‌ದಾಗ ತಾನ ಲೆಕ್ಕ ಆಗ್ತದ.

ಕೆಡೂದು ಎಲ್ಲಿ ಅಂದ್ರ, ತಿರುಗಿದ ಸುದ್ದಿ ತಡ ಆಗಿ ಮುಟ್ಟಿದಾಗ. ಬೈಕಿನ ವೇಗ ಸೆಕೆಂಡಿಗೆ 20 ಮೀಟರ್, ಸುದ್ದಿ 140 ಮಿ.ಸೆ. ತಡ ಅಂದ್ರ 2.8 ಮೀಟರ್ ದೂರ ತಪ್ಪಾಗಿ ಕಾಣ್ತದ. ನೀವು ಖಾಲಿ ಜಾಗ ಅಂತ ನುಗ್ಗಿದ ಕಡೆ ಆಗಲೇ ಗೋಡೆ ಎದ್ದಿರ್ತದ. ಅದಕ್ಕ ನೆಲಾನ 2 ಮೀಟರ್ ಚೌಕ ಮಾಡ್ರಿ, ವೇಗ ಸೆಕೆಂಡಿಗೆ 10 ಮೀಟರ್‌ಗೆ ಇಳಸ್ರಿ. ಒಂದು ಚೌಕ ದಾಟಾಕ 200 ಮಿ.ಸೆ. ಆತು. ಗುಂಡಿ ಒತ್ತಿದ ಕೂಡ್ಲೆ ತಿರುಗೂದಲ್ಲ, ಒತ್ತಿದ ಮ್ಯಾಲ ಒಂದು ಪೂರ್ತಿ ಚೌಕ ದಾಟಿ, ಅದರ ಮುಂದಿನ ಗೆರಿ ಮ್ಯಾಲ ತಿರುಗ್ಬೇಕು. ಅಂದ್ರ ಸುದ್ದಿ ಮುಟ್ಟಾಕ ಯಾವಾಗ್ಲೂ 200 ಮಿ.ಸೆ. ಕಮ್ಮಿ ಇಲ್ಲದ ಸಮಯ ಸಿಕ್ತು, ಅಮೆರಿಕದವರ ಸುದ್ದೀನೂ ಅದರೊಳಗ ಸರ್ವರ್‌ಗೆ ಬಂದು ಸೇರ್ತದ. ವೇಗ ಕಮ್ಮಿ ಅನ್ನಿಸಬಾರದು ಅಂದ್ರ ಕ್ಯಾಮೆರಾನ ನೆಲಕ್ಕ ಹತ್ರ ತರ್ರಿ, ನೋಟದ ಕೋನ 75 ಡಿಗ್ರಿ ಇದ್ದದ್ದು 100ರ ಸುತ್ತ ಮಾಡ್ರಿ.

ಅರ್ಮಗೆಟ್ರಾನ್ ಅನ್ನೂ ಮುಕ್ತ ತಂತ್ರಾಂಶದ ಆಟದಾಗ ರಬ್ಬರ್ ಅಂತ ಒಂದು ವ್ಯವಸ್ಥಾ ಐತಿ. ಗೋಡೆಗೆ ಮುಟ್ಟಿದ ಕೂಡ್ಲೆ ಸಾಯೂದಿಲ್ಲ, ಸ್ವಲ್ಪ ಹೊತ್ತು ಹಿಡದು ನಿಲ್ಲಸ್ತದ, ಆ ಹೊತ್ತಿನಾಗ ತಿರುಗಿದ್ರ ಉಳದಿ. ನೆಟ್‌ವರ್ಕಿನ ತಡಕ್ಕ ಅದು ಔಷಧ. ಅತಿ ಆದ್ರ ಮಾತ್ರ ಯಾರೂ ಸಾಯೂದ ಇಲ್ಲ. ಇಬ್ಬರು ಒಂದ ಟಿಕ್‌ನಾಗ ಒಂದ ಚೌಕಕ್ಕ ಬಂದ್ರ ಇಬ್ಬರನ್ನೂ ಔಟ್ ಮಾಡ್ರಿ. ಯಾರ ಸುದ್ದಿ ಮೊದಲ ಮುಟ್ಟಿತು ಅಂತ ನೋಡಿದ್ರ ಯಾವಾಗ್ಲೂ ಸರ್ವರ್‌ಗೆ ಹತ್ರ ಇದ್ದವನ ಗೆಲ್ತಾನ, ದೂರದವರು ಒಂದು ವಾರದಾಗ ಆಟ ಬಿಡ್ತಾರ.

ಆದ್ರ ನಿಮಗ ಹೊಸಾದು ಬೇಕಾದ್ರ ಇದು ಅಲ್ಲರಿ. ನೆಟ್‌ವರ್ಕ್ ಕೋಡ್ ಕಲಿಯಾಕ ಮೊದಲ ವಾರ ಇದನ್ನ ಮಾಡ್ರಿ, ಆಮ್ಯಾಲ ಕಡಲಕರೆಯವರು ಹೇಳಿದ್ದಕ್ಕ ಹೋಗ್ರಿ.

---

ಹಳದಿಗುಂಡಿ:

ತುಂಬಾ ಧನ್ಯವಾದ. ಎಡ್ಜ್ ಆಫ್ ಟುಮಾರೊ ಮೇಲೆ ನಮ್ಮ ತಂಡದ ಇಬ್ಬರಿಗೆ ಇನ್ನೂ ಮನಸ್ಸಿದೆ. ನಾಲ್ಕು ಜನ ಒಟ್ಟಿಗೆ, ಒಂದೇ ಯುದ್ಧ ಮತ್ತೆ ಮತ್ತೆ. ಅದು ಸಾಧ್ಯವೇ ಇಲ್ಲವೇ?

---

ಟಿಕ್_60:

ಸಾಧ್ಯ ಇದೆ, ಆದರೆ ಸಿನಿಮಾದಲ್ಲಿರುವ ಹಾಗಲ್ಲ. ಸಿನಿಮಾದಲ್ಲಿ ಒಬ್ಬನಿಗೆ ಮಾತ್ರ ನೆನಪಿರುತ್ತದೆ. ಆಟಗಾರರ ತಲೆಯಿಂದ ನೆನಪು ಅಳಿಸುವ ಕೋಡ್ ಯಾವ ಎಂಜಿನ್‌ನಲ್ಲೂ ಇಲ್ಲ. ನಾಲ್ಕು ಜನ ಕೂತರೆ ನಾಲ್ವರಿಗೂ ನೆನಪಿರುತ್ತದೆ. ಹಾಗಾಗಿ ಮರೆಯುವ ಕೆಲಸವನ್ನು ಶತ್ರುಗಳಿಗೆ ಕೊಡಬೇಕು. ಆಟಗಾರರೆಲ್ಲ ಕಲಿಯುತ್ತಾ ಹೋಗಲಿ, ಶತ್ರು ಪ್ರತಿ ಬಾರಿಯೂ ಅದೇ ದಾರಿಯಲ್ಲಿ ಬರಲಿ.

ಮೂಲ ಸಿನಿಮಾಕ್ಕಿಂತ 2021ರ ತಮಿಳಿನ ಮಾನಾಡು ಇಲ್ಲಿ ಹತ್ತಿರ ಬರುತ್ತದೆ. ಅದರಲ್ಲಿ ನಾಯಕ, ಖಳ ಇಬ್ಬರಿಗೂ ನೆನಪಿರುತ್ತದೆ. ಒಬ್ಬ ಕಲಿತದ್ದನ್ನು ಇನ್ನೊಬ್ಬ ಮುಂದಿನ ಸುತ್ತಿನಲ್ಲಿ ಮುರಿಯುತ್ತಾನೆ. ಎರಡು ತಂಡಗಳ ಆಟಕ್ಕೆ ನೇರವಾಗಿ ಎತ್ತಿಕೊಳ್ಳಬಹುದಾದ ಚೌಕಟ್ಟು ಅದು.

ನಾಲ್ಕು ಜನ ಒಂದೇ ಪಕ್ಷದ ಆಟವಾದರೆ ಸುತ್ತು 5 ನಿಮಿಷ ಮೀರಬಾರದು. 12 ಸುತ್ತಿಗೆ ಒಂದು ಗಂಟೆ ಆಗಿಬಿಡುತ್ತದೆ. ನಾಲ್ವರಲ್ಲಿ ಒಬ್ಬನ ಬಳಿ ಮರುಸುತ್ತಿನ ಶಕ್ತಿ, ಅವನು ಸತ್ತರೆ ಮಾತ್ರ ಸುತ್ತು ಹಿಂದಕ್ಕೆ. ಉಳಿದ ಮೂವರು ಸತ್ತರೆ ಆ ಸುತ್ತು ಮುಗಿಯುವ ತನಕ ಸತ್ತಂತೆಯೇ. ಆಗ "ಇವನನ್ನು ಕಾಪಾಡೋಣವೇ, ಈಗಲೇ ಬಲಿಕೊಟ್ಟು ಮತ್ತೆ ಶುರು ಮಾಡೋಣವೇ" ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಈ ಶಕ್ತಿ ಪ್ರತಿ ಸುತ್ತಿಗೂ ಕೈ ಬದಲಾಯಿಸಬೇಕು. ಒಬ್ಬನ ಬಳಿಯೇ ಇದ್ದರೆ ಸಿಟ್ಟಿಗೆ ಗುಡ್ಡದಿಂದ ಹಾರಿ ಎಲ್ಲರ ಆಟ ಕೆಡಿಸುವವನು ಒಬ್ಬ ಸಿಕ್ಕೇ ಸಿಗುತ್ತಾನೆ.

ಕೋಡ್‌ನಲ್ಲಿ ಎಲ್ಲರೂ ಎಡವುವ ಜಾಗ ಯಾದೃಚ್ಛಿಕ ಸಂಖ್ಯೆ. ಸೀಡ್ (ಆ ಸಂಖ್ಯೆಗಳ ಸರಣಿಯನ್ನು ಶುರು ಮಾಡುವ ಮೂಲ ಸಂಖ್ಯೆ) ಒಂದೇ ಇಟ್ಟರೆ ಸುತ್ತು ಒಂದೇ ತರಹ ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಇಡೀ ಆಟಕ್ಕೆ ಒಂದೇ ರ‍್ಯಾಂಡಮ್ ಜನರೇಟರ್ ಇದ್ದು, ಈ ಸುತ್ತಿನಲ್ಲಿ ನೀವು ಒಂದು ಗುಂಡು ಹೆಚ್ಚು ಹಾರಿಸಿದರೆ, ಆ ಗುಂಡಿನ ಚದುರುವಿಕೆಗೆ ಒಂದು ಸಂಖ್ಯೆ ಖರ್ಚಾಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಶತ್ರುಗಳಿಗೂ ಸಿಗುವ ಸಂಖ್ಯೆ ಒಂದೊಂದು ಸ್ಥಾನ ಸರಿಯುತ್ತದೆ. ಅರ್ಧ ಮೈಲಿ ಆಚೆ, ನಿಮಗೆ ಸಂಬಂಧವೇ ಇಲ್ಲದ ಶತ್ರು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗುತ್ತಾನೆ, ಕಲಿತದ್ದೆಲ್ಲ ನೀರುಪಾಲು. ಪರಿಹಾರ: ಪ್ರತಿ ಶತ್ರುವಿಗೂ ಪ್ರತ್ಯೇಕ ಜನರೇಟರ್. ಗೊಡೋದಲ್ಲಿ ರ‍್ಯಾಂಡಮ್ ನಂಬರ್ ಜನರೇಟರ್ ವಸ್ತುವನ್ನು ಶತ್ರುವಿಗೊಂದರಂತೆ ಮಾಡಿ, ಸುತ್ತಿನ ಸೀಡ್ ಜೊತೆ ಶತ್ರುವಿನ ಕ್ರಮಸಂಖ್ಯೆ ಬೆರೆಸಿ ಅದರ ಸೀಡ್ ಕೊಡಿ. ಆಟಗಾರರ ಗುಂಡಿಗೆ ಬೇರೆಯದೇ ಜನರೇಟರ್. ಆಗ ನೀವು ಮುಟ್ಟಿದ ಜಾಗ ಮಾತ್ರ ಬದಲಾಗುತ್ತದೆ, ಉಳಿದದ್ದು ಹಾಗೇ ಉಳಿಯುತ್ತದೆ.

ತಂಡ ವಿರುದ್ಧ ತಂಡ ಮಾಡುವುದಾದರೆ, ಹಿಂದಿನ ಸುತ್ತಿನ ನಿಮ್ಮದೇ ನೆರಳು ಈ ಸುತ್ತಿನಲ್ಲಿ ಜೊತೆಗೆ ಕಾದಾಡುವ ವಿಧಾನ ಇದೆ. 2021ರ ಲೆಮ್ನಿಸ್ ಗೇಟ್ 25 ಸೆಕೆಂಡ್ ಸುತ್ತಿನಲ್ಲಿ ಇದನ್ನು ಮಾಡಿತ್ತು. ದಾಖಲೆ ದೊಡ್ಡದೇನಲ್ಲ. ಸೆಕೆಂಡಿಗೆ 60 ಟಿಕ್, 25 ಸೆಕೆಂಡ್, ಟಿಕ್‌ಗೆ 12 ಬೈಟ್ ಅಂದರೆ 18,000 ಬೈಟ್. ಒತ್ತಿದ ಗುಂಡಿಗಳನ್ನಷ್ಟೇ ಉಳಿಸಿದರೆ ಸಾಲದು. ದಶಮಾಂಶದ ಲೆಕ್ಕ ಒಂದು ಪ್ರೊಸೆಸರ್‌ನಿಂದ ಇನ್ನೊಂದಕ್ಕೆ ಕೂದಲೆಳೆ ಬೇರೆ ಬಂದು, ನೆರಳು ಬಾಗಿಲ ಬದಲು ಗೋಡೆಗೆ ಹೋಗಿ ಒರಗುತ್ತದೆ. ಜಾಗ, ದಿಕ್ಕು ಎರಡನ್ನೂ ಬರೆದಿಡಿ. ಆ ಆಟ ಮೆಚ್ಚುಗೆ ಪಡೆದರೂ 2023ರಲ್ಲಿ ಸರ್ವರ್ ನಿಂತಿತು. ಸಣ್ಣ ತಂಡಕ್ಕೆ ಅದರಿಂದ ತಿಳಿಯಬೇಕಾದದ್ದು: ಎದುರಾಳಿ ಸಿಗದ ರಾತ್ರಿ ಹನ್ನೊಂದಕ್ಕೂ ಆಟ ಶುರುವಾಗಬೇಕು. ಬಾಟ್ (ಕಂಪ್ಯೂಟರ್ ಆಡುವ ಎದುರಾಳಿ) ಬರೆಯುವ ಕೆಲಸ ಮೊದಲ ದಿನದ ಪಟ್ಟಿಯಲ್ಲೇ ಇರಲಿ.

---

ಮುಂಗಾರು_ಮೋಡ:

ಉಳಿದ ಎರಡರ ಬಗ್ಗೆ ಚಿಕ್ಕದಾಗಿ.

ಕ್ಯೂಬ್ (1997) ಕಲಾವಿದರು ಕಡಿಮೆ ಇರುವ ತಂಡಕ್ಕೆ ಆಸೆ ಹುಟ್ಟಿಸುವ ಸಿನಿಮಾ. ಒಂದೇ ಘನ ಕೋಣೆಯ ಸೆಟ್ ಕಟ್ಟಿ, ಬೆಳಕಿನ ಬಣ್ಣ ಬದಲಿಸಿ ಇಡೀ ಸಿನಿಮಾ ತೆಗೆದರು. ಕಥೆಯ ಲೆಕ್ಕದಲ್ಲಿ ಒಂದೊಂದು ಬದಿಗೆ 26 ಕೋಣೆ, ಒಟ್ಟು 17,576. ಆಟದಲ್ಲೂ ಒಂದು ಮೆಶ್ (3ಡಿ ಆಕಾರ), ಆರು ಬಾಗಿಲು, ನಿಂತ ಕೋಣೆ ಮತ್ತು ಸುತ್ತಲಿನ ಆರು ಮಾತ್ರ ಮೆಮೊರಿಯಲ್ಲಿದ್ದರೆ ಸಾಕು. ಸಮಸ್ಯೆ ಬೇರೆ ಕಡೆ ಇದೆ. ಬಾಗಿಲ ಸಂಖ್ಯೆ ಅವಿಭಾಜ್ಯವಾದರೆ ಬಲೆ ಅನ್ನುವ ಸುಳಿವು ಒಮ್ಮೆ ತಿಳಿದರೆ ಮುಗಿಯಿತು, ಮೂರನೇ ಆಟಕ್ಕೆ ಒಬ್ಬ ಮೊಬೈಲ್‌ನಲ್ಲಿ ಲೆಕ್ಕ ಹಾಕುತ್ತಾನೆ, ಉಳಿದ ಐವರು ಅವನ ಹಿಂದೆ ನಡೆಯುತ್ತಾರೆ. ಪ್ರತಿ ಆಟಕ್ಕೂ ನಿಯಮ ಬದಲಾಗಬೇಕು, ಜೊತೆಗೆ ಸುಳಿವು ಹಂಚಿಹೋಗಿರಬೇಕು. ಒಬ್ಬನಿಗೆ ಸಂಖ್ಯೆ ಕಾಣುತ್ತದೆ, ಇನ್ನೊಬ್ಬನಿಗೆ ಬಣ್ಣ, ಮತ್ತೊಬ್ಬನಿಗೆ ಸದ್ದು ಮಾತ್ರ. ಇಷ್ಟು ಮಾಡಿದರೆ ಚೆನ್ನಾದ 6 ಜನರ ಆಟ ಆಗುತ್ತದೆ, ಪಿಂಗ್ ಎಷ್ಟಿದ್ದರೂ ಚಿಂತೆ ಇಲ್ಲ.

ಕಲ್ಕಿ 2898 ಎಡಿಯಲ್ಲಿ ಲೋಕ ಬಲವಾಗಿದೆ, ಎಲ್ಲರೂ ಒಟ್ಟಿಗೆ ಆಡುವ ನಿಯಮ ಸಿದ್ಧವಾಗಿ ಸಿಗುವುದಿಲ್ಲ. ಬೇಟೆಗಾರರು, ಯೂನಿಟ್‌ಗಳ ಹಣ, ಮೇಲಿನ ಕಾಂಪ್ಲೆಕ್ಸ್‌ಗೆ (ಉಳ್ಳವರ ನಗರಕ್ಕೆ) ಪ್ರವೇಶ ಎಂಬ ಮೂರನ್ನು ಜೋಡಿಸಿದರೆ ದೋಚಿಕೊಂಡು ಪಾರಾಗುವ ಬಗೆಯ ಆಟ ಆಗುತ್ತದೆ. ಆದರೆ ಆ ಬಗೆಗೆ ದೊಡ್ಡ ಮ್ಯಾಪ್, ನೂರಾರು ವಸ್ತು, ಹಣದ ಸಮತೋಲನ ಬೇಕು. ಮೊದಲ ತಿಂಗಳು ಆಡಿದವರು ಶ್ರೀಮಂತರಾಗಿ ಹೊಸಬರನ್ನು ಹೊಡೆದು ಓಡಿಸುತ್ತಾರೆ, ಅದಕ್ಕೇ ಅಂಥ ಆಟಗಳಲ್ಲಿ ಆಗಾಗ ಎಲ್ಲರ ಗಂಟನ್ನೂ ಸೊನ್ನೆ ಮಾಡುತ್ತಾರೆ. ನಾಲ್ಕು ಜನರ ಕೈಗೆ ನಿಲುಕುವುದಲ್ಲ.

ಇನ್ನು ಹೆಸರಿನ ವಿಷಯ. ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ. ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ರೂಪ ಬದಲಿಸುವ ಜೀವಿ, ಹಿಮದ ನೆಲೆ ಎರಡೂ ಪರವಾಗಿಲ್ಲ. ಆದರೆ ನೆಲೆಯ ಹೆಸರು, ಪಾತ್ರಗಳ ಹೆಸರು, ಜೀವಿಯ ನಿರ್ದಿಷ್ಟ ಆಕಾರ, ಹಿನ್ನೆಲೆ ಸಂಗೀತ, ಪೋಸ್ಟರ್‌ನ ಅಕ್ಷರ ಶೈಲಿ ಇವುಗಳ ಹತ್ತಿರ ಹೋಗಬೇಡಿ. ಅಂಗಡಿ ಪುಟದ ವಿವರಣೆಯಲ್ಲಿ ಸಿನಿಮಾ ಹೆಸರನ್ನು ಹುಡುಕುಪದವಾಗಿ ತುರುಕುವುದೂ ಬೇಡ. ಹಿಮದ ಬದಲು ನೀರಿನಡಿಯ ನೆಲೆಯನ್ನೋ ಗಣಿಯನ್ನೋ ಆರಿಸಿಕೊಂಡರೆ ನಿಮ್ಮದೇ ಮುಖ ಬರುತ್ತದೆ. ನೆಲದಡಿ ಮೂರು ಕಿಲೋಮೀಟರ್‌ವರೆಗೆ ಇಳಿದಿದ್ದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಟದಲ್ಲಿ ಹೊರಹೋಗುವ ದಾರಿ ಒಂದೇ ಪಂಜರ (ಗಣಿಯ ಲಿಫ್ಟ್), ಸುತ್ತ ಕತ್ತಲೆ, ಸೆಖೆ. ಚಳಿ ಮಾಡುವ ಕೆಲಸವನ್ನು ಅಲ್ಲಿ ಬಿಸಿಯೂ ಗಾಳಿಯ ಕೊರತೆಯೂ ಮಾಡುತ್ತವೆ.

---

ಹಳದಿಗುಂಡಿ:

ಗಣಿ ಅಂದ ಕೂಡಲೇ ನಾಲ್ವರೂ ಒಪ್ಪಿಬಿಟ್ಟರು. ಹಾಗಾದರೆ ರೂಪ ಬದಲಿಸುವ ಜೀವಿ, 10 ಜನ, ಗಣಿ. ಕೋಡ್ ಶುರು ಮಾಡುವ ಮೊದಲು ಏನನ್ನು ಖಚಿತ ಮಾಡಿಕೊಳ್ಳಬೇಕು? ಸರ್ವರ್ ಎಲ್ಲಿಡಬೇಕು?

---

ಕಡಲಕರೆ:

ಗಣಿ ಒಳ್ಳೆಯ ಆಯ್ಕೆ. ಪಂಜರ ಒಂದೇ ಇರಲಿ, ಒಂದು ಸಲಕ್ಕೆ ಮೂವರು, ಇಳಿಯಲು 20 ಸೆಕೆಂಡ್. ಇಬ್ಬರೇ ಹತ್ತಿದರೆ ಏನಾಗಬಹುದು ಅಂತ ಮೇಲೆ ನಿಂತವರು ಎಣಿಸುತ್ತಾ ಇರಬೇಕು.

ಕಾಗದದ ಮೇಲೆ ಮೊದಲು ಆಡಿ. 10 ಚೀಟಿ, ಒಂದರಲ್ಲಿ ಮಾತ್ರ ಗುರುತು. ಮನೆಯ ಐದು ಕೋಣೆಗಳೇ ಮ್ಯಾಪ್. ಆಡದ ಒಬ್ಬರು ಸರ್ವರ್ ಆಗಬೇಕು, ಕೈಯಲ್ಲಿ ಗಡಿಯಾರ, ಪುಸ್ತಕ. ಸೋಂಕು ತಗಲಿಸಿದವನು ಅವರಿಗೆ ಗುಟ್ಟಾಗಿ ಸಂದೇಶ ಕಳಿಸುತ್ತಾನೆ, ಅವರು 40 ಸೆಕೆಂಡ್ ಬಿಟ್ಟು ಸೋಂಕಾದವನಿಗೆ ಕಳಿಸುತ್ತಾರೆ. ಎಲ್ಲರ ಮೊಬೈಲಿಗೂ ಅದೇ ಹೊತ್ತಿಗೆ ಏನಾದರೊಂದು ಸಂದೇಶ ಹೋಗಬೇಕು, ಇಲ್ಲದಿದ್ದರೆ ಯಾರ ಮೊಬೈಲ್ ಸದ್ದು ಮಾಡಿತು ಅನ್ನುವುದೇ ಉತ್ತರ ಆಗಿಬಿಡುತ್ತದೆ. ನೆಟ್‌ವರ್ಕ್‌ನಲ್ಲೂ ಇದೇ ತೊಂದರೆ ಬರುವುದುಂಟು, ಎಲ್ಲ ಆಟಗಾರರಿಗೂ ಒಂದೇ ಅಳತೆಯ ಪ್ಯಾಕೆಟ್ ಹೋಗಲಿ. ಪ್ರತಿ ಆಟದ ಕೊನೆಗೆ ಮೂರು ಸಂಗತಿ ಬರೆದುಕೊಳ್ಳಿ: ಯಾರು ಗೆದ್ದರು, ಮೊದಲ ಸೋಂಕು ಎಷ್ಟನೇ ನಿಮಿಷಕ್ಕೆ, ಎಷ್ಟು ಪರೀಕ್ಷೆ ಖರ್ಚಾಯಿತು. ಒಂದೇ ಪಕ್ಷ ಪದೇ ಪದೇ ಗೆಲ್ಲುತ್ತಿದ್ದರೆ 4 ನಿಮಿಷದ ಗಡಿಯಾರವನ್ನು 30 ಸೆಕೆಂಡಿನಷ್ಟು ಅತ್ತಿತ್ತ ಮಾಡಿ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

---

ಟಿಕ್_60:

ಸರ್ವರ್ ಬಗ್ಗೆ. ಆಟಗಾರರಲ್ಲೊಬ್ಬರು ಹೋಸ್ಟ್ ಆಗುವ (ತಮ್ಮ ಕಂಪ್ಯೂಟರನ್ನೇ ಸರ್ವರ್ ಮಾಡುವ) ಯೋಚನೆ ಬಿಡಿ, ಎರಡು ಕಾರಣಕ್ಕೆ. ಯಾರು ಜೀವಿ ಎಂಬ ಮಾಹಿತಿ ಹೋಸ್ಟ್‌ನ ಮೆಮೊರಿಯಲ್ಲಿರುತ್ತದೆ, ಓದಲು ಉಚಿತ ಉಪಕರಣ ಸಾಕು. ಎರಡನೆಯದು, ನಮ್ಮ ಮೊಬೈಲ್ ಡೇಟಾ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿಯ ಹಿಂದೆ ತುಂಬಾ ಗ್ರಾಹಕರು ಇರುವುದು ಸಾಮಾನ್ಯ, ಹೊರಗಿನಿಂದ ನೇರ ಸಂಪರ್ಕ ಒಳಗೆ ಬರುವುದಿಲ್ಲ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ರೌಟರ್ ಒಳಗೆ ಬಿಡುವಂತೆ ಹೊಂದಿಸುವುದು) ಮಾಡೋಣ ಅಂದರೆ ರೌಟರ್ ನಿಮ್ಮ ಕೈಯಲ್ಲೇ ಇರುವುದಿಲ್ಲ.

ಮುಂಬೈನಲ್ಲಿ ಒಂದು ಸಣ್ಣ ಕ್ಲೌಡ್ ಯಂತ್ರ, ಅದರಲ್ಲಿ ಗೊಡೋದ ಹೆಡ್‌ಲೆಸ್ (ಪರದೆ ಇಲ್ಲದೆ ಓಡುವ) ಸರ್ವರ್. ಈ ಆಟಕ್ಕೆ ಸೆಕೆಂಡಿಗೆ 20 ಟಿಕ್ ಸಾಕು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದೂರವೇ ಸುಮಾರು 14,000 ಕಿ.ಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, ಅಂದರೆ ಹೋಗಿ ಬರಲು 140 ಮಿ.ಸೆ. ಯಾವ ದುಡ್ಡು ಕೊಟ್ಟರೂ ಅದಕ್ಕಿಂತ ಕಡಿಮೆ ಆಗದು. ಕೇಬಲ್ ಸುತ್ತಿಬಳಸಿ ಹೋಗುವುದರಿಂದ ನೀವು ಹೇಳಿದ 250 ಸಹಜ. 8 ಸೆಕೆಂಡ್, 4 ಸೆಕೆಂಡ್ ಹಿಡಿಯುವ ಕ್ರಿಯೆಗಳಿಗೆ ಅದು ತಟ್ಟುವುದೇ ಇಲ್ಲ. ತಟ್ಟುವುದು ಬೆಂಕಿ ಹಾಯಿಸುವ ಹೊತ್ತಿಗೆ ಮಾತ್ರ. ಅದಕ್ಕೆ 1 ಸೆಕೆಂಡ್ ಹೊತ್ತಿಸುವ ತಯಾರಿ ಇಟ್ಟುಬಿಡಿ.

ಗೊಡೋದಲ್ಲಿ ಪಾತ್ರದ ಗುಟ್ಟನ್ನು ಜಾಗದ ಮಾಹಿತಿಯ ಜೊತೆ ಒಂದೇ ಮಲ್ಟಿಪ್ಲೇಯರ್ ಸಿಂಕ್ರೊನೈಸರ್‌ನಲ್ಲಿ (ಮಾಹಿತಿಯನ್ನು ಆಟಗಾರರ ಕಂಪ್ಯೂಟರಿಗೆ ಕಳಿಸುವ ಭಾಗ) ಹಾಕಬೇಡಿ. ಪ್ರತ್ಯೇಕ ಸಿಂಕ್ರೊನೈಸರ್ ಮಾಡಿ, ಪಬ್ಲಿಕ್ ವಿಸಿಬಿಲಿಟಿ ಆಫ್ ಮಾಡಿ, ಆಯಾ ಆಟಗಾರನ ಪಿಯರ್‌ಗೆ (ಅವನ ಸಂಪರ್ಕಕ್ಕೆ) ಮಾತ್ರ ತೆರೆಯಿರಿ. ಆಟಗಾರರಿಂದ ಬರುವ ಪ್ರತಿ ಆರ್‌ಪಿಸಿಯಲ್ಲೂ (ಸರ್ವರ್‌ನಲ್ಲಿ ಒಂದು ಕೆಲಸ ಮಾಡಿಸುವ ಸಂದೇಶ) ಕಳಿಸಿದವರ ಐಡಿಯನ್ನು ಎಂಜಿನ್‌ನಿಂದಲೇ ಕೇಳಿ ಪಡೆಯಿರಿ. ಸಂದೇಶದೊಳಗೆ ಅವರೇ ಬರೆದ ಐಡಿಯನ್ನು ನಂಬಿದರೆ ಯಾರ ಹೆಸರಲ್ಲಿ ಯಾರು ಬೇಕಾದರೂ ಸೋಂಕು ಹರಡಬಹುದು.

ಧ್ವನಿಗೆ ಹೆಚ್ಚು ಸಮಯ ಇಡಿ. ಆಟದೊಳಗಿನ ಧ್ವನಿ ಕೆಟ್ಟದಾಗಿದ್ದರೆ ಜನ ಹೊರಗೆ ಗ್ರೂಪ್ ಕಾಲ್ ಹಾಕಿಕೊಳ್ಳುತ್ತಾರೆ, ಅಲ್ಲಿ ಗಣಿಯ ಯಾವ ಮೂಲೆಯ ಮಾತೂ ಎಲ್ಲರಿಗೂ ಕೇಳುತ್ತದೆ. ಒಬ್ಬರ ಧ್ವನಿ ಸಂಕುಚಿತಗೊಳಿಸದೆ ಕಳಿಸಿದರೆ ಸೆಕೆಂಡಿಗೆ 48,000 ಮಾದರಿ, ತಲಾ 2 ಬೈಟ್, ಅಂದರೆ 768 ಕಿಲೋಬಿಟ್. ಓಪಸ್ (ಧ್ವನಿಯನ್ನು ಸಂಕುಚಿತಗೊಳಿಸುವ ವಿಧಾನ) ಬಳಸಿದರೆ 24 ಕಿಲೋಬಿಟ್‌ನಲ್ಲಿ ಮಾತು ಸ್ಪಷ್ಟ. ಮೈಕ್ ಹಿಡಿಯಲು ಗೊಡೋದಲ್ಲೇ ಆಡಿಯೋ ಎಫೆಕ್ಟ್ ಕ್ಯಾಪ್ಚರ್ ಇದೆ, ಓಪಸ್‌ಗೆ ಆಡ್‌ಆನ್ ಹಾಕಿಕೊಳ್ಳಿ. ಯಾರಿಗೆ ಯಾರ ಮಾತು ಹೋಗಬೇಕು ಅನ್ನುವುದನ್ನು ದೂರ ನೋಡಿ ಸರ್ವರ್ ತೀರ್ಮಾನಿಸಲಿ. ಎಲ್ಲ ಧ್ವನಿಯನ್ನೂ ಕಳಿಸಿ ಕ್ಲೈಂಟ್‌ನಲ್ಲಿ (ಆಟಗಾರನ ಕಂಪ್ಯೂಟರಿನಲ್ಲಿ ಓಡುವ ಆಟ) ಸದ್ದು ಮಾತ್ರ ತಗ್ಗಿಸಿದರೆ, ಬದಲಾಯಿಸಿದ ಕ್ಲೈಂಟ್ ಇಟ್ಟುಕೊಂಡವನಿಗೆ ಇಡೀ ಗಣಿ ಕೇಳುತ್ತದೆ.